ಹಗಲು ಮನೆ ನಾಯಿ, ರಾತ್ರಿ ಬೀದಿನಾಯಿ

ಜಗಲಿ ಮೇಲೆ ಮೈಚಾಚಿ ಮಲಗಿದ್ದ ನಾಯಿಯ ಕೋರೆಹಲ್ಲಿನ ಸಂದಿಯಲ್ಲಿ ಕುರಿಯ ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು. ಎದೆಯ ಬಿಳಿ ಕೂದಲಲ್ಲಿ ರಕ್ತ ಒಣಗಿ ಗಟ್ಟಿಯಾಗಿತ್ತು. ಅಲ್ಲಿಂದ ಅರ್ಧ ಕಿಲೋಮೀಟರ್ ದೂರದ ರೊಪ್ಪದಲ್ಲಿ 14 ಕುರಿ ಸತ್ತು ಬಿದ್ದಿದ್ದವು. ನಾಯಿಗೆ ದಿನಾ ಮುದ್ದೆ ಹಾಕುವ ಮನೆಯವರು ಹೇಳಿದ್ದು ಒಂದೇ ಮಾತು: "ನಮ್ದಲ್ಲ ಬಿಡ್ರಿ, ಬೀದಿನಾಯಿಗಳ ಕೆಲಸ ಅದು." ಚಳ್ಳಕೆರೆ ಕಡೆಯ ಒಂದು ಊರಿನಲ್ಲಿ ಇವತ್ತು ಬೆಳಗ್ಗೆ ಕಂಡದ್ದು ಇದು. ಇಷ್ಟು ಹೊತ್ತಾದರೂ ಸಿಟ್ಟು ಇಳಿದಿಲ್ಲ.

ಯಾವ ಬೀದಿಯ ನಾಯಿ ಸ್ವಾಮಿ? ಹಳ್ಳಿಯಲ್ಲಿ ತಿರುಗುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಅನ್ನ ಹಾಕುವ ಮನೆ ಒಂದಾದರೂ ಇರುತ್ತದೆ. ಹೆಸರಿರುತ್ತದೆ, ಕರೆದರೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ. ಮೂರು ಮನೆಯಲ್ಲಿ ಉಣ್ಣುವ ನಾಯಿಗೆ ಮೂರೂ ಮನೆಯವರು ಯಜಮಾನರಲ್ಲ, ಅಷ್ಟೇ. ಹಗಲೆಲ್ಲಾ ಮನೆ ಮುಂದೆ ಬಿದ್ದಿರುವ ನಾಯಿ ರಾತ್ರಿ ಇನ್ನು ಮೂರು ನಾಯಿ ಜೊತೆ ಸೇರಿತೆಂದರೆ ಬೇರೆಯೇ ಪ್ರಾಣಿ. ಅದು ಹಸಿವಿಗೆ ಕುರಿ ಹಿಡಿಯುವುದಿಲ್ಲ. ಕುರಿ ಓಡುತ್ತದೆ, ನಾಯಿ ಅಟ್ಟುತ್ತದೆ, ಕಚ್ಚುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಅದಕ್ಕೇ ಕಡಿತಕ್ಕೂ ಗಾಬರಿಗೂ ಸೇರಿ ಸತ್ತದ್ದು ಹದಿನಾಲ್ಕು, ತಿಂದದ್ದು ಒಂದರ ತೊಡೆ.

ಚಿರತೆ ಬಂದಿತ್ತು ಅನ್ನುವವರಿಗೆ ಒಂದು ಮಾತು. ಚಿರತೆ ಸಾಮಾನ್ಯವಾಗಿ ಗಂಟಲಿಗೇ ಬಾಯಿ ಹಾಕುತ್ತದೆ, ಆಳವಾದ ಕೋರೆಹಲ್ಲಿನ ತೂತು ಕಾಣುತ್ತವೆ, ಸಾಧ್ಯವಾದರೆ ಕುರಿಯನ್ನು ಎಳೆದುಕೊಂಡು ಹೋಗುತ್ತದೆ. ನಾಯಿ ಕಚ್ಚುವುದು ಹಿಂಗಾಲು, ಪಕ್ಕೆ, ಕಿವಿ, ಕೆಚ್ಚಲು. ಗಾಯ ಹತ್ತಾರು ಕಡೆ, ಚರ್ಮ ಹರಿದು ಜೋತಾಡುತ್ತಿರುತ್ತದೆ. ಅರಣ್ಯ ಇಲಾಖೆಯ ಪರಿಹಾರ ಕಾಡುಪ್ರಾಣಿ ಕೊಂದರೆ ಮಾತ್ರ. ನಾಯಿ ಕಚ್ಚಿದ್ದನ್ನು ಚಿರತೆ ತಲೆಗೆ ಕಟ್ಟಿದರೆ ಅರ್ಜಿ ಅಲ್ಲೇ ಬೀಳುತ್ತದೆ. ಆಕಸ್ಮಿಕವಾಗಿ ಸತ್ತ ಕುರಿಗೆ ಪರಿಹಾರ ಕೊಡುವ ಪಶುಪಾಲನಾ ಇಲಾಖೆಯ ಅನುಗ್ರಹ ಯೋಜನೆಯ ಬಗ್ಗೆ ಪಶು ಡಾಕ್ಟರನ್ನು ಕೇಳಿ. ಅವರು ಬಂದು ಮರಣೋತ್ತರ ಪರೀಕ್ಷೆ ಮಾಡುವ ಮೊದಲು ಸತ್ತ ಕುರಿಯನ್ನು ಹೂಳಬೇಡಿ, ಕಿವಿಗೆ ಹಾಕಿದ ನಂಬರಿನ ಓಲೆ ಕಾಣುವ ಹಾಗೆ ಫೋಟೋ ತೆಗೆದಿಡಿ.

ರಾತ್ರಿ ಕಟ್ಟಿ. ನಾನು ಕೇಳುವುದು ಇಷ್ಟೇ. ಸಂಜೆ ಏಳಕ್ಕೆ ಕಟ್ಟಿ, ಬೆಳಗ್ಗೆ ಆರಕ್ಕೆ ಬಿಡಿ. ಗಿಡ್ಡ ಹಗ್ಗದಲ್ಲಿ ಹಗಲು ರಾತ್ರಿ ಬಿಗಿದಿಟ್ಟರೆ ನಾಯಿ ಮುಂಗೋಪಿಯಾಗುತ್ತದೆ, ಅದು ಬೇಡ. ಎರಡು ಗೂಟದ ನಡುವೆ 20-25 ಅಡಿ ಜಿಐ ತಂತಿಯನ್ನು ಆಳಿನ ತಲೆಮಟ್ಟದಲ್ಲಿ ಎಳೆದು ಕಟ್ಟಿ. ಅದಕ್ಕೊಂದು ಕಬ್ಬಿಣದ ಬಳೆ, ಬಳೆಯಿಂದ ನಾಯಿಯ ಕೊರಳಪಟ್ಟಿಗೆ 6-8 ಅಡಿ ಸರಪಳಿ. ಸರಪಳಿಯ ತುದಿಯಲ್ಲಿ ಸುತ್ತುವ ಕೊಂಡಿ ಇರಲೇಬೇಕು, ಇಲ್ಲದಿದ್ದರೆ ತಿರುಚಿಕೊಂಡು ಕುತ್ತಿಗೆ ಬಿಗಿಯುತ್ತದೆ. ಗೂಟಕ್ಕೆ ಮುಂಚೆ, ಸರಪಳಿಯ ಉದ್ದಕ್ಕಿಂತ ತುಸು ಹೆಚ್ಚು ದೂರದಲ್ಲಿ ತಂತಿಗೆ ಒಂದು ಗಂಟು ಹಾಕಿ. ಆಗ ನಾಯಿ ಗೂಟಕ್ಕೆ ಸುತ್ತಿಕೊಳ್ಳುವುದಿಲ್ಲ. ಹತ್ತಿರ ಗೋಡೆ, ಬೇಲಿ ಇದ್ದರೆ ಹಾರಿ ನೇಣು ಬೀಳುತ್ತದೆ, ಜಾಗ ನೋಡಿ ಕಟ್ಟಿ. ಕೊರಳಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಸಂಜೆ ಊಟವನ್ನು ಆ ತಂತಿಯ ಕೆಳಗೇ ಹಾಕಿ. ಕೆಲವೇ ದಿನದಲ್ಲಿ ಕತ್ತಲಾದರೆ ತಾನೇ ಬಂದು ನಿಲ್ಲುತ್ತದೆ. ಇಷ್ಟಕ್ಕೆ ಆಗುವ ಖರ್ಚು ಒಂದು ಕುರಿಯ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

"ಕಟ್ಟಿದರೆ ಹಂದಿ ಕಾಯೋರ್ಯಾರು?" ಎಂದು ಕೇಳುತ್ತೀರಿ, ಗೊತ್ತು. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುವ ಸಂಕಟ ಸಣ್ಣದಲ್ಲ. ಹಾಗಾದರೆ ನಾಯಿಯನ್ನು ಹೊಲದ ಗುಡಿಸಲ ಹತ್ತಿರವೇ ಕಟ್ಟಿ. ಹಂದಿಯ ಸುಳಿವು ನಿಮಗೆ ಸಿಗುವುದು ಬೊಗಳುವುದರಿಂದ, ಕಟ್ಟಿದ ನಾಯಿಯೂ ಬೊಗಳುತ್ತದೆ. ಬಿಟ್ಟ ನಾಯಿ ನಡುರಾತ್ರಿಗೆ ನಿಮ್ಮ ಹೊಲದಲ್ಲಿ ಇರುತ್ತದೆಂದು ಯಾರು ಹೇಳಿದ್ದು? ಅದು ಊರಾಚೆ ರೊಪ್ಪದ ಹತ್ತಿರ ಇರುತ್ತದೆ.

ಇಂಥ ಬೆಳಗ್ಗೆ ಯಾರಾದರೊಬ್ಬರು ಮಾಂಸಕ್ಕೆ ಫ್ಯುರಡಾನ್ ಕೀಟನಾಶಕ ಬೆರೆಸೋಣ ಅನ್ನುತ್ತಾರೆ. ದಯವಿಟ್ಟು ಬೇಡ. ಆ ತುಂಡನ್ನು ಮೊದಲು ತಿನ್ನುವುದು ಮನುಷ್ಯರನ್ನು ನಂಬುವ ಬಡಪಾಯಿ ನಾಯಿ. ಸತ್ತದ್ದನ್ನು ತಿಂದು ಕಾಗೆ, ಹದ್ದು, ನರಿಯೂ ಸಾಯುತ್ತವೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು. ಊರಾಚೆಯ ತಿಪ್ಪೆ, ಕೋಳಿ ಅಂಗಡಿಯ ಕಸದ ಮೂಟೆ ಹಾಗೇ ಇದ್ದರೆ, ಖಾಲಿಯಾದ ಜಾಗಕ್ಕೆ ಪಕ್ಕದೂರಿನ ನಾಯಿಗಳು ಬಂದೇ ಬರುತ್ತವೆ.

ಸಂತಾನಹರಣ ಬೇಕು, ಎರಡು ಮಾತಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳದ್ದು ಸ್ಥಳೀಯ ಸಂಸ್ಥೆಯ ಹೊಣೆ, ಸಾಕಿದ ನಾಯಿಯದ್ದು ಸಾಕಿದವರದ್ದೇ. ಹೆಣ್ಣುನಾಯಿ ವರ್ಷಕ್ಕೆ ಒಂದೆರಡು ಸಲ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ. ಐವತ್ತು ನಾಯಿಯಲ್ಲಿ ಐದಕ್ಕೆ ಆಪರೇಷನ್ ಮಾಡಿಸಿ ಫೋಟೋ ಹಾಕಿದರೆ ಉಪಯೋಗವಿಲ್ಲ. ನೂರಕ್ಕೆ ಎಪ್ಪತ್ತಾದರೂ ಒಂದೇ ಸುತ್ತಿನಲ್ಲಿ ಮುಗಿಯಬೇಕು, ಹೆಣ್ಣುನಾಯಿಗಳಿಂದಲೇ ಶುರುವಾಗಬೇಕು. ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ, ಆಮೇಲೆ ನಾಲ್ಕೈದು ದಿನ ಒಣಗಿದ ಜಾಗದಲ್ಲಿ ಕಟ್ಟಿ ಹೊಲಿಗೆ ನೆಕ್ಕದಂತೆ ನೋಡಿಕೊಳ್ಳಿ. ಆದರೆ ಆಪರೇಷನ್ ಆದ ನಾಯಿಯೂ ಕುರಿ ಅಟ್ಟುತ್ತದೆ. ಮರಿ ಹಾಕುವುದು ನಿಲ್ಲುತ್ತದೆ, ಅಟ್ಟುವುದು ನಿಲ್ಲುವುದಿಲ್ಲ. ಮತ್ತೆ ಅಲ್ಲಿಗೇ ಬಂದೆ ನೋಡಿ: ರಾತ್ರಿ ಕಟ್ಟಬೇಕು.

ಕುರಿ ಕೊಯ್ದಾಗ ತಲೆ, ಮೆದುಳು, ಈಲಿ ನಾಯಿಗೆ ಎಸೆಯುವುದನ್ನೂ ನಿಲ್ಲಿಸಿ. ಕುರಿ ಒಂದೇ ಕಡೆಗೆ ಗಿರಗಿರ ಸುತ್ತಿ ಸುತ್ತಿ ಬಿದ್ದು ಸಾಯುತ್ತದಲ್ಲ, ಆ ರೋಗದ ಲಾಡಿಹುಳು ಬೆಳೆಯುವುದು ನಾಯಿಯ ಕರುಳಿನಲ್ಲಿ. ನಾಯಿಯ ಹೇಲಿನ ಜೊತೆ ಮೊಟ್ಟೆ ಹುಲ್ಲಿಗೆ ಬೀಳುತ್ತದೆ, ಕುರಿ ಮೇಯುತ್ತದೆ, ಮೆದುಳಲ್ಲಿ ನೀರುಗುಳ್ಳೆ ಕಟ್ಟುತ್ತದೆ. ಆ ಮೆದುಳನ್ನು ನಾಯಿ ತಿಂದರೆ ಮತ್ತೆ ಮೊದಲಿಂದ ಶುರು. ಮೂರು ತಿಂಗಳಿಗೊಮ್ಮೆ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆ ಕೊಡಿ, 10 ಕೆಜಿ ತೂಕಕ್ಕೆ 50 ಮಿಲಿಗ್ರಾಂ ಲೆಕ್ಕ. ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯದೆ ಆರಡಿ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ಮೇಲೆ ಜಾಲಿಮುಳ್ಳು, ಕಲ್ಲು ಹೇರಿ.

ಇವತ್ತಿನ ಹದಿನಾಲ್ಕರಲ್ಲಿ ಹಲ್ಲಿನ ಗುರುತಿದ್ದದ್ದು ಐದಕ್ಕೆ ಮಾತ್ರ. ಉಳಿದ ಒಂಬತ್ತು ರೊಪ್ಪದ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸತ್ತಿದ್ದವು. ರೊಪ್ಪಕ್ಕೆ ಚೂಪು ಮೂಲೆ ಇರಬಾರದು, ದುಂಡಗೆ ತಿರುಗಿಸಿ. ಜಾಲರಿ ಐದಡಿ ಎತ್ತರ ಇದ್ದರಷ್ಟೇ ಸಾಲದು, ಬುಡದಲ್ಲಿ ಒಂದಡಿಯನ್ನು ಹೊರಮುಖವಾಗಿ ನೆಲಕ್ಕೆ ಮಡಚಿ ಕಲ್ಲು ಹೇರಬೇಕು. ನಾಯಿ ಹಾರುವುದಕ್ಕಿಂತ ಹೆಚ್ಚಾಗಿ ಬುಡ ಕೆರೆದೇ ನುಗ್ಗುತ್ತದೆ. ಇಲ್ಲೂ ಕೆರೆದೇ ನುಗ್ಗಿದ್ದವು, ಉಗುರಿನ ಗೀರು ಮಣ್ಣಲ್ಲಿ ಹಸಿಯಾಗಿಯೇ ಇತ್ತು.

ಬದುಕುಳಿದ ಕುರಿಗಳನ್ನು ಒಂದೊಂದಾಗಿ ಕೈಗವಸು ಹಾಕಿಕೊಂಡು ತಡಕಬೇಕು. ಉಣ್ಣೆಯ ಕೆಳಗೆ ಹಲ್ಲಿನ ತೂತು ಕಾಣುವುದಿಲ್ಲ, ಎರಡು ಮೂರು ದಿನಕ್ಕೆ ಹುಳ ಬಿದ್ದಾಗಲೇ ಗೊತ್ತಾಗುವುದು. ಸುತ್ತಲಿನ ಉಣ್ಣೆ ಕತ್ತರಿಸಿ, ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ. ನೀವೇ ಹೊಲಿಗೆ ಹಾಕಬೇಡಿ. ರೇಬಿಸ್ ಲಸಿಕೆಯನ್ನು ಡಾಕ್ಟರಿಂದ 0, 3, 7, 14, 28ನೇ ದಿನ ಹಾಕಿಸಿ. ಮುಂದೆ ಯಾವುದಾದರೂ ದನವೋ ಕುರಿಯೋ ಜೊಲ್ಲು ಸುರಿಸುತ್ತಾ ನುಂಗಲಾರದೆ ಒದ್ದಾಡಿದರೆ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಲೇಬೇಡಿ. ಅದು ರೇಬಿಸ್ ಇರಬಹುದು. ಮನುಷ್ಯರಿಗೆ ಕಚ್ಚಿದರೂ ಮೊದಲು ಅದೇ ಸೋಪು, ಅದೇ 15 ನಿಮಿಷ. ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ, ರಕ್ತ ಬಂದಿದ್ದರೆ ಲಸಿಕೆ ಮಾತ್ರ ಸಾಲದು, ಗಾಯದೊಳಕ್ಕೆ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೇಳಿ ಹಾಕಿಸಿಕೊಳ್ಳಿ.

ಗಾಯವಾಗಿ ಉಳಿದ ಏಳು ಕುರಿಗಳಿಗೆ ಇವತ್ತು ಮೊದಲ ಇಂಜೆಕ್ಷನ್ ಆಯಿತು. ಗಬ್ಬದ ಕುರಿಗಳು ಬೆದರಿ ಕಂದು ಹಾಕಬಹುದು, ಅದು ಗೊತ್ತಾಗಲು ಇನ್ನೂ ಕೆಲವು ದಿನ ಬೇಕು. ಸಂಜೆ ಏಳೂವರೆಗೆ ಆ ಮನೆ ಮುಂದೆ ಹಾದು ಬಂದೆ. ಜಗಲಿ ಖಾಲಿ ಇತ್ತು. ನಾಯಿ ಆಗಲೇ ಹೊರಟಿತ್ತು.