ಲೆಕ್ಕ ಕೇಳಿದವರ ಭಕ್ತಿಯನ್ನು ಅನುಮಾನಿಸಬೇಡಿ

ನಮ್ಮ ಚರ್ಚಿನಲ್ಲಿ ಈ ಭಾನುವಾರವೂ ದಶಮಾಂಶದ, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವುದರ ಮೇಲೆಯೇ ಪ್ರಸಂಗ. ಬೈಬಲಿನ ಮಲಾಕಿಯ ಪುಸ್ತಕದ ಮೂರನೆಯ ಅಧ್ಯಾಯ, ಭಂಡಾರಕ್ಕೆ ತನ್ನಿರಿ ಎಂಬ ವಾಕ್ಯ. ಕಾಣಿಕೆ ಇಳಿದಿದೆ, ಜನರಲ್ಲಿ ಮೊದಲಿನ ಭಕ್ತಿ ಉಳಿದಿಲ್ಲ ಅಂದರು ಪ್ರಸಂಗ ಮಾಡಿದವರು. ಕೂತಲ್ಲೇ ಮನಸ್ಸಿಗೆ ನೋವಾಯಿತು. ಜನರ ಭಕ್ತಿಗೆ ಏನೂ ಆಗಿಲ್ಲ. ಕಮಿಟಿಯ ಮೇಲಿನ ವಿಶ್ವಾಸ ಹೋಗಿದೆ.

ಒಂಬತ್ತು ವರ್ಷ ನಾನು ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸಲು ಕೂತವನು. ಚೀಲವನ್ನು ಮೇಜಿನ ಮೇಲೆ ಸುರಿದರೆ ಮೊದಲು ನಾಣ್ಯ ಉರುಳುತ್ತವೆ, ಆಮೇಲೆ ಮಡಚಿ ಮಡಚಿ ಕಡ್ಡಿಯಂತಾದ ನೋಟು, ಕೊನೆಗೆ ಹೆಸರು ಬರೆದ ಲಕೋಟೆ. ಇಬ್ಬರು ಎಣಿಸುವುದು, ಮೂರನೆಯವರು ಬರೆಯುವುದು, ಮೂವರೂ ಸಹಿ ಹಾಕುವುದು. ತಿಂಗಳ ಮೊದಲ ಭಾನುವಾರ ಜಮಾ, ಖರ್ಚು ಎರಡೂ ನೋಟೀಸ್ ಬೋರ್ಡಿಗೆ. ಮನೆಗೆ ಹೊರಟವರು ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದರು.

ಹೊಸ ಕಮಿಟಿ ಬಂದ ಮೇಲೆ ಆ ಹಾಳೆ ನಿಂತಿತು. ಎಣಿಕೆ ಖಜಾಂಚಿಯೊಬ್ಬರ ಕೈಗೆ ಹೋಯಿತು. ಕಾಣಿಕೆಯನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಬರುವ ವಯಸ್ಸಾದ ತಾಯಿಯೊಬ್ಬರು ಅವರನ್ನು ಕೇಳಿದರು: "ಕಟ್ಟಡ ನಿಧಿ ಎಲ್ಲಿಗೆ ಬಂತಪ್ಪ?" "ದೇವರಿಗೆ ಕೊಟ್ಟಾದ ಮೇಲೆ ಲೆಕ್ಕ ಕೇಳಬಾರದಮ್ಮ" ಎಂಬ ಉತ್ತರ ಬಂತು. ಅವರು ಮತ್ತೆ ಕೇಳಲಿಲ್ಲ. ಆ ದುಡ್ಡನ್ನು ಈಗ ಪಕ್ಕದ ಮನೆಯ ಹುಡುಗಿಯ ಶಾಲೆ ಫೀಸಿಗೆ ಕೊಡುತ್ತಿದ್ದೇನೆ ಎಂದು ತಿಂಗಳುಗಳ ನಂತರ ನನಗೆ ಹೇಳಿದರು.

ಚರ್ಚು ನಡೆಸುವವರು ಗಮನಿಸಬೇಕಾದ್ದು ಇದನ್ನೇ. ವಿಶ್ವಾಸ ಹೋದಾಗ ಜನ ಜಗಳಕ್ಕೆ ಬರುವುದು ಅಪರೂಪ. ಭಾನುವಾರ ಬರುತ್ತಾರೆ, ಹಾಡುತ್ತಾರೆ, ಚೀಲ ಹತ್ತಿರ ಬಂದಾಗ ಒಂದಿಷ್ಟು ಹಾಕುತ್ತಾರೆ. ದೊಡ್ಡ ಪಾಲು ಅನಾಥಾಶ್ರಮಕ್ಕೋ ಗೊತ್ತಿದ್ದ ರೋಗಿಯ ಔಷಧಿಗೋ ಹೋಗಿರುತ್ತದೆ.

ಬೈಬಲಿನಲ್ಲಿ 2 ಅರಸುಗಳು 12ನೇ ಅಧ್ಯಾಯ ತೆರೆದು ನೋಡಿ. ಹಣ ಬರುತ್ತಿತ್ತು, ಆದರೆ ಯೆಹೂದದ ಅರಸ ಯೋವಾಷನ ಆಳ್ವಿಕೆಯ 23ನೇ ವರ್ಷವಾದರೂ ಯಾಜಕರು ದೇವಾಲಯದ ದುರಸ್ತಿ ಮಾಡಿಸಿರಲಿಲ್ಲ. ಅರಸ ಯಾಜಕರನ್ನು ಕರೆಸಿ ಕೇಳಿದ, ಹಣ ಅವರ ಕೈಗೆ ಹೋಗುವುದನ್ನೇ ನಿಲ್ಲಿಸಿದ. ಮುಚ್ಚಳಕ್ಕೆ ತೂತು ಕೊರೆದ ಪೆಟ್ಟಿಗೆ ಯಜ್ಞವೇದಿಯ ಪಕ್ಕಕ್ಕೆ ಬಂತು. ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಕೂಡಿ ಎಣಿಸುತ್ತಿದ್ದರು. ಇದೇ ಸಂಗತಿಯನ್ನು ಹೇಳುವ 2 ಪೂರ್ವಕಾಲವೃತ್ತಾಂತ 24ರಲ್ಲಿ, ಜನ ಸಂತೋಷದಿಂದ ತಂದು ಪೆಟ್ಟಿಗೆ ತುಂಬಿಸಿದರು ಎಂದಿದೆ. ಕೆಲಸ ಮಾಡಿಸುವವರು ನಂಬಿಗಸ್ತರಾದ್ದರಿಂದ ಅವರಿಂದ ಲೆಕ್ಕ ಕೇಳಲಿಲ್ಲ ಎಂಬ ಮಾತನ್ನೇ ಹಿಡಿದು ವಾದಿಸುವವರು, ಮೊದಲು ಇಬ್ಬರು ಕೂತು ಎಣಿಸಿದ್ದನ್ನು ಓದದೆ ದಾಟಿಬಿಡುತ್ತಾರೆ.

ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ಪೌಲನೂ ಹೀಗೆಯೇ. ತನ್ನ ಜೊತೆಗೆಲಸಗಾರ ತೀತನ ಜೊತೆಗೆ ಕ್ರೈಸ್ತ ಸಭೆಗಳೇ ಆರಿಸಿದ ಸಹೋದರನನ್ನು ಸೇರಿಸಿದ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು 2 ಕೊರಿಂಥ 8ರಲ್ಲಿ ಕಾರಣವನ್ನೂ ಬರೆದ. ಅಪೊಸ್ತಲನಿಗೇ ಬೇಕಾದ ಸಾಕ್ಷಿ ನಮ್ಮ ಖಜಾಂಚಿಗೆ ಬೇಡವೇ?

ನಮ್ಮದು ಬಿಷಪರ ಆಡಳಿತ, ಇದೆಲ್ಲ ಇಲ್ಲಿ ನಡೆಯದು ಎನ್ನುವವರಿಗೂ ಒಂದು ಮಾತು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯೇ ಪ್ರತಿ ಧರ್ಮಕೇಂದ್ರಕ್ಕೂ, ಅಂದರೆ ಪ್ರತಿ ಸ್ಥಳೀಯ ಚರ್ಚಿಗೂ, ಹಣಕಾಸು ಸಮಿತಿ ಇರಬೇಕು ಎನ್ನುತ್ತದೆ. ಅದರ 1287ನೇ ವಿಧಿ, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಎನ್ನುತ್ತದೆ. ಇನ್ನು ಕೈಯೆತ್ತಿ ಆರಿಸಿದ ಕಮಿಟಿಯೂ ಲೆಕ್ಕದ ಪುಸ್ತಕ ಮುಚ್ಚಿಡಬಲ್ಲದು, ನಮ್ಮ ಕಮಿಟಿ ಅಂಥದ್ದೇ.

ವಾರ್ಷಿಕ ಸಭೆ ಹತ್ತಿರ ಬಂತು. ಒಂದೇ ಮನೆಯವರಲ್ಲದ ಇಬ್ಬರು ಎಣಿಸಲಿ, ಕಮಿಟಿಗೆ ಸೇರದವರು ಆಡಿಟ್ ಮಾಡಲಿ, ಆ ಹಾಳೆ ಮತ್ತೆ ಬೋರ್ಡಿಗೆ ಬರಲಿ ಎಂದು ಎದ್ದು ನಿಂತು ಕೇಳುತ್ತೇನೆ. ಕಟ್ಟಡ ನಿಧಿಯ ಲೆಕ್ಕವನ್ನು ಮೊದಲು ಆ ತಾಯಿಯ ಪಕ್ಕ ಕೂತು ಓದಿ ಹೇಳಿ ಎಂದೂ ಕೇಳುತ್ತೇನೆ.