ಎಂಎಸ್ಸಿ ನಡುವೆ ಒಂದು ಸೆಮಿಸ್ಟರ್ ಜರ್ಮನಿಗೆ ಹೋಗಬೇಕೆ?

ಪರ

ಜರ್ಮನಿಯ ಭೌತವಿಜ್ಞಾನ ವಿಭಾಗಗಳಲ್ಲಿ ವಾರಕ್ಕೊಂದು ಲೆಕ್ಕದ ಹಾಳೆ ಕೊಡುತ್ತಾರೆ. ಅದನ್ನು ಬಿಡಿಸಿ ಒಪ್ಪಿಸಬೇಕು, ಸಣ್ಣ ಗುಂಪಿನ ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ವಿವರಿಸಬೇಕು. ಸಾಮಾನ್ಯವಾಗಿ ಇದರಲ್ಲಿ ಅರ್ಧದಷ್ಟಾದರೂ ಅಂಕ ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಕೊನೆಯ ಹದಿನೈದು ದಿನ ಹಳೆಯ ಪ್ರಶ್ನೆಪತ್ರಿಕೆ ತಿರುವಿ ಪಾಸಾಗುವ ನಮ್ಮ ರೂಢಿ ಅಲ್ಲಿ ಎರಡನೇ ವಾರಕ್ಕೇ ಕೈಕೊಡುತ್ತದೆ.

ಲ್ಯಾಬ್‌ನದು ಇನ್ನೂ ಬಿಗಿ. ಪ್ರಯೋಗಕ್ಕೆ ಮುಂಚೆ ಬಾಯಿಪರೀಕ್ಷೆ. ಸಿದ್ಧತೆಯಿಲ್ಲದೆ ಹೋದವರನ್ನು ವಾಪಸ್ ಕಳಿಸುವುದೂ ಉಂಟು. ವರದಿಯಲ್ಲಿ ಪ್ರತಿ ಅಳತೆಯ ಅನಿಶ್ಚಿತತೆ ಬರೆದು, ಅದು ಅಂತಿಮ ಉತ್ತರದವರೆಗೆ ಹೇಗೆ ಸಾಗಿಬಂತೆಂದು ತೋರಿಸಬೇಕು. ಗುರುತ್ವ ವೇಗೋತ್ಕರ್ಷ ಸರಿಯಾಗಿ 9.8 ಬಂತೆಂದು ಯಾರೂ ಬೆನ್ನು ತಟ್ಟುವುದಿಲ್ಲ. 9.6 ± 0.3 ಎಂದು ಬರೆದು ಕಾರಣ ಹೇಳಿದವರಿಗೇ ಅಂಕ. ಉತ್ತರ ಮೊದಲೇ ಗೊತ್ತಿಟ್ಟುಕೊಂಡು ರೆಕಾರ್ಡ್ ತುಂಬಿಸಿ ಬೆಳೆದವರಿಗೆ ಇದೊಂದೇ ಪಾಠ ಪ್ರಯಾಣಕ್ಕೆ ಸಾಲುತ್ತದೆ.

ವಿನಿಮಯ ಒಪ್ಪಂದದಡಿ ಹೋದವರು ಸಾಮಾನ್ಯವಾಗಿ ಶುಲ್ಕ ಕಟ್ಟುವುದು ಇಲ್ಲಿನ ವಿಶ್ವವಿದ್ಯಾಲಯಕ್ಕೆ, ಅಲ್ಲಿ ಬೋಧನಾ ಶುಲ್ಕ ಮಾಫಿ. ಯುರೋಪಿಯನ್ ಒಕ್ಕೂಟದ ವಿನಿಮಯ ಯೋಜನೆಯಾದ ಎರಸ್ಮಸ್ ಪ್ಲಸ್‌ನಲ್ಲಿ ಆಯ್ಕೆಯಾದರೆ ತಿಂಗಳ ಖರ್ಚಿಗೂ ಹಣ ಬರುತ್ತದೆ. ಹೊರಡುವ ಮುನ್ನ ಲರ್ನಿಂಗ್ ಅಗ್ರಿಮೆಂಟ್ ಕೈಯಲ್ಲಿರಲಿ: ಅಲ್ಲಿನ ಯಾವ ವಿಷಯ ಇಲ್ಲಿನ ಯಾವುದಕ್ಕೆ ಬದಲು, ಎಷ್ಟು ಕ್ರೆಡಿಟ್ ಎಂಬುದಕ್ಕೆ ವಿದ್ಯಾರ್ಥಿಯದೂ ಎರಡೂ ವಿಶ್ವವಿದ್ಯಾಲಯಗಳದೂ ಸಹಿ. ಅಲ್ಲಿಗೆ ಹೋದಮೇಲೆ ವಿಷಯ ಬದಲಾದರೆ ತಿದ್ದಿ ಮತ್ತೆ ಸಹಿ ಹಾಕಿಸಬೇಕು. ವಿಭಾಗದ ಮುಖ್ಯಸ್ಥರ ಬಾಯಿಮಾತು ಮೌಲ್ಯಮಾಪನ ಕುಲಸಚಿವರ ಕಚೇರಿಯಲ್ಲಿ ನಡೆಯದು.

ವಿರೋಧ

ಮೊದಲು ಕ್ಯಾಲೆಂಡರ್ ತೆಗೆಯಿರಿ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್. ತರಗತಿಗಳು ಫೆಬ್ರವರಿಯವರೆಗೆ, ಪರೀಕ್ಷೆ ಆ ಹೊತ್ತಿಗೆ ಇಲ್ಲವೇ ಆಮೇಲೆ. ಇಲ್ಲಿ ಆಗಸ್ಟ್‌ನಲ್ಲಿ ಶುರುವಾದದ್ದು ಡಿಸೆಂಬರ್‌ಗೆ ಮುಗಿದು, ಜನವರಿಗೆ ಮುಂದಿನದು ಆರಂಭವಾಗಿರುತ್ತದೆ. ಒಂದಕ್ಕೆಂದು ಹೋದವರು ಎರಡನ್ನು ಕಳೆದುಕೊಳ್ಳುತ್ತಾರೆ. ಏಪ್ರಿಲ್‌ನ ಬೇಸಿಗೆ ಸೆಮಿಸ್ಟರ್ ಹಿಡಿದರೂ ಇಲ್ಲಿನ ವರ್ಷಾಂತ್ಯದ ಪರೀಕ್ಷೆಗೆ ತಗಲುತ್ತದೆ. ಎಂಎಸ್ಸಿಯಲ್ಲಿ ಇರುವುದೇ ನಾಲ್ಕು ಸೆಮಿಸ್ಟರ್.

ಕ್ರೆಡಿಟ್ ಲೆಕ್ಕವೂ ಹೊಂದುವುದಿಲ್ಲ. ಯುರೋಪಿನಲ್ಲಿ ಸೆಮಿಸ್ಟರಿಗೆ 30, ಒಂದೊಂದಕ್ಕೆ ಮನೆಯ ಓದೂ ಸೇರಿ 25ರಿಂದ 30 ಗಂಟೆ. ಇಲ್ಲಿ ಎಣಿಸುವುದು ತರಗತಿಯ ಗಂಟೆಗಳನ್ನು: ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಲ್ಯಾಬ್‌ಗೆ ಒಂದು ಕ್ರೆಡಿಟ್. ಅಲ್ಲಿನ ಗ್ರೇಡ್ ತಲೆಕೆಳಗು: 1.0 ಅತ್ಯುತ್ತಮ, 4.0ಕ್ಕೆ ಪಾಸು, 5.0 ನಪಾಸು. ಪರಿವರ್ತನೆಯ ಸೂತ್ರವನ್ನು ಮೊದಲೇ ಬರೆಸಿಕೊಳ್ಳದಿದ್ದರೆ 1.3 ತಂದವರಿಗೂ ಅಂಕಪಟ್ಟಿಯಲ್ಲಿ ಬರೀ ‘ಪಾಸು’ ಸಿಗಬಹುದು.

ಲ್ಯಾಬ್ ಚೆನ್ನಾಗಿದೆ ನಿಜ, ಜಾಗ ಸಿಗಬೇಕಲ್ಲ! ಸೀಟುಗಳು ಎಣಿಕೆಯವು. ವೀಸಾ ತಡವಾಗಿ ಮೊದಲ ದಿನದ ಸುರಕ್ಷತಾ ತರಬೇತಿ ತಪ್ಪಿತೆಂದರೆ ಆ ಸೆಮಿಸ್ಟರ್ ಲ್ಯಾಬ್ ಕೈತಪ್ಪುವ ಸಂಭವವೇ ಹೆಚ್ಚು.

ಹಣ? ವಿದ್ಯಾರ್ಥಿವೇತನವಿಲ್ಲದವರು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ಹಣ ಇಡಬೇಕಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ದರ ತಿಂಗಳಿಗೆ 992 ಯೂರೊ, ಆರು ತಿಂಗಳಿಗೆ 5,952. ವಿಮಾನದ ಟಿಕೆಟ್ ಬೇರೆ.

ಸಂಶೋಧನೆಯ ರುಚಿ ನೋಡುವುದೇ ಉದ್ದೇಶವಾದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳೊಡನೆ ನಡೆಸುತ್ತ ಬಂದಿರುವ ಬೇಸಿಗೆ ಫೆಲೋಶಿಪ್ ಇದೆ. ಎರಡು ತಿಂಗಳು, ರಜೆಯಲ್ಲೇ ಮುಗಿಯುತ್ತದೆ. ಅರ್ಜಿ ಮಾತ್ರ ಹಿಂದಿನ ವರ್ಷವೇ ಹಾಕಿರಬೇಕು.