ಫಾರ್ಮ್ಯಾಟ್ ಮಾಡೋಕೆ ಮುಂಚೆ ಒಂದು ನಿಮಿಷ

ತಿಪಟೂರಿನಲ್ಲಿರುವ ನಮ್ಮಕ್ಕನ ಲ್ಯಾಪ್‌ಟಾಪ್ ಕಳೆದ ತಿಂಗಳು ಕೈಕೊಟ್ಟಿತು. ಆನ್ ಮಾಡಿದರೆ ಚುಕ್ಕಿಗಳು ಸುತ್ತುತ್ತವೆ, ಅಪ್‌ಡೇಟ್ ಆಗಲಿಲ್ಲ ಅನ್ನುತ್ತದೆ, ರೀಸ್ಟಾರ್ಟ್ ಆಗಿ ಮತ್ತೆ ಅದೇ ಚುಕ್ಕಿ. ಅಂಗಡಿಗೆ ಒಯ್ದರೆ ಹುಡುಗ ಎರಡು ನಿಮಿಷ ನೋಡಿ, "ಫಾರ್ಮ್ಯಾಟ್ ಮಾಡ್ಬೇಕು ಮೇಡಂ, ಡೇಟಾಗೆ ಗ್ಯಾರಂಟಿ ಇಲ್ಲ" ಅಂದನಂತೆ.

ಅಕ್ಕ ಹೈಸ್ಕೂಲ್ ಟೀಚರ್. 11 ವರ್ಷದ ಪ್ರಶ್ನೆಪತ್ರಿಕೆಗಳು ಅದರಲ್ಲಿವೆ, ಎಲ್ಲಾ 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ತಾನೇ ಕೂತು ಟೈಪ್ ಮಾಡಿದ್ದು. ಬೇರೆ ಕಡೆ ಕಾಪಿ ಇಲ್ಲ. ಯಾರ ಮನೆಯಲ್ಲಿ ಇರುತ್ತೆ ಹೇಳಿ?

ನನಗೆ ಸಿಟ್ಟು ಬರೋದು ಇಲ್ಲೇ. ನೆಗಡಿ ಬಂತು ಅಂತ ಮೂಗು ಕೊಯ್ಯೋದು ಅಂದರೆ ಇದೇ ಅಲ್ವಾ? ಹಳೇ ಹಾರ್ಡ್‌ಡಿಸ್ಕ್ ಆಗಿದ್ದರೆ ಫಾರ್ಮ್ಯಾಟ್ ಆದ ಮೇಲೂ ಹುಡುಕಿ ತೆಗೆಯೋ ಆಸೆ ಸ್ವಲ್ಪ ಇರುತ್ತಿತ್ತು. ಅಕ್ಕನದು ಎಸ್‌ಎಸ್‌ಡಿ, ಅಂದರೆ ತಿರುಗೋ ತಟ್ಟೆಯಿಲ್ಲದ ಚಿಪ್ ಡಿಸ್ಕ್. ಅದರಲ್ಲಿ ಟ್ರಿಮ್ ಅಂತ ಒಂದು ಏರ್ಪಾಡಿದೆ. ಈ ಜಾಗದಲ್ಲಿರೋದು ಇನ್ನು ಬೇಡ ಅಂತ ವಿಂಡೋಸ್ ಹೇಳಿದರೆ ಡಿಸ್ಕ್ ತಾನೇ ಒರೆಸಿಕೊಂಡುಬಿಡುತ್ತದೆ. ಆಮೇಲೆ ಯಾರ ಕೈಗೂ ಸಿಗೋದು ಬಹಳ ಕಷ್ಟ.

ಶನಿವಾರ ಹೋದೆ. 8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡೋ ಫೈಲುಗಳನ್ನು ಹಾಕಿಕೊಂಡಿದ್ದೆ. ಅದರಿಂದಲೇ ಲ್ಯಾಪ್‌ಟಾಪ್ ಶುರು (ಬೂಟ್) ಮಾಡಿ, ಇನ್‌ಸ್ಟಾಲ್ ಒತ್ತದೆ ರಿಪೇರ್‌ಗೆ ಹೋಗಿ, ಟ್ರಬಲ್‌ಶೂಟ್ ಒಳಗೆ ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆ ಟೈಪ್ ಮಾಡೋ ಕಪ್ಪು ಪರದೆ, ತೆರೆದೆ. ಡಿಸ್ಕ್‌ಗೆ ಬೀಗ ಹಾಕಿಡೋ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಿತು. ಅದನ್ನು ಅಕ್ಕನ ಮೈಕ್ರೋಸಾಫ್ಟ್ ಖಾತೆಯಿಂದ ಮೊಬೈಲಿನಲ್ಲಿ ತೆಗೆದೆವು. ಪಾಸ್‌ವರ್ಡ್ ನೆನಪಿಸಿಕೊಳ್ಳೋಕೇ ಒಂದು ಗಂಟೆ ಹೋಯಿತು, ಮಧ್ಯೆ ಎರಡು ಸಲ ಕಾಫಿ ಆಯಿತು.

ಕಪ್ಪು ಪರದೆ ನೋಡಿ ಹೆದರಬೇಡಿ. ಅಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿದರೆ ನಿಜವಾಗಿಯೂ ನೋಟ್‌ಪ್ಯಾಡ್ ಬರುತ್ತದೆ! ಫೈಲ್, ಓಪನ್ ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿದರೆ ಇಡೀ ಡಿಸ್ಕ್ ಕಣ್ಣ ಮುಂದೆ. ಅಲ್ಲೇ ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಬಹುದು, ಡಿಲೀಟ್ ಮಾಡಬಹುದು. ಒಂದೇ ಎಚ್ಚರ: ಮಾಮೂಲಿ ಸಿ ಡ್ರೈವ್ ಅಲ್ಲಿ ಡಿ ಅಂತಲೋ ಇ ಅಂತಲೋ ಕಾಣಿಸಬಹುದು. ಒಳಗೆ ಹೋಗಿ ನೋಡಿ ಖಾತ್ರಿ ಮಾಡಿಕೊಳ್ಳಿ. ಮೊದಲು ಪ್ರಶ್ನೆಪತ್ರಿಕೆಗಳನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಆಗ ಅಕ್ಕ ಕುರ್ಚಿಯಲ್ಲಿ ಸರಿಯಾಗಿ ಕೂತಳು.

ಆಮೇಲೆ ಜಾಗ ನೋಡಿದೆ. 128 ಜಿಬಿ ಡಿಸ್ಕ್, ವಿಂಡೋಸ್ ಲೆಕ್ಕದಲ್ಲಿ 119. ಅದರಲ್ಲಿ 1 ಜಿಬಿಯೂ ಖಾಲಿ ಇಲ್ಲ. ಅಪ್‌ಡೇಟ್ ಪಾಪ ಎಲ್ಲಿ ಕಾಲಿಡಬೇಕು?

"ನಾನು ವಿಡಿಯೊ ಎಲ್ಲಾ ಡಿಲೀಟ್ ಮಾಡಿದ್ನಲ್ಲೋ" ಅಂದಳು ಅಕ್ಕ. ಮಾಡಿದ್ದಳು, ನಿಜ. ಎಲ್ಲವೂ ರಿಸೈಕಲ್ ಬಿನ್‌ನಲ್ಲಿ ಕೂತಿದ್ದವು. ಕಸ ಗುಡಿಸಿ ಬಾಗಿಲ ಹಿಂದೆ ಒಟ್ಟಿದ ಹಾಗೆ. ಎರಡು ವರ್ಷದ ಟ್ರೈನಿಂಗ್ ವಿಡಿಯೊಗಳು. ಆ ಫೋಲ್ಡರ್ ತೆಗೆದೆ. ಟೆಂಪ್ ಫೋಲ್ಡರ್, ಅರ್ಧ ಡೌನ್‌ಲೋಡ್ ಆಗಿದ್ದ ಅಪ್‌ಡೇಟ್ ಫೈಲುಗಳು, ಹೈಬರ್ನೇಟ್ ಫೈಲ್ (ಹೈಬರ್ನೇಟ್ ಮಾಡುವಾಗ ತೆರೆದಿದ್ದ ಕೆಲಸವನ್ನು ವಿಂಡೋಸ್ ಬರೆದಿಟ್ಟುಕೊಳ್ಳೋ ಫೈಲ್) ಎಲ್ಲಾ ತೆಗೆದೆ. ಹೈಬರ್ನೇಟ್ ಫೈಲ್ ಒಂದೇ 3 ಜಿಬಿ ಇತ್ತು. ವಿಂಡೋಸ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ದೊಡ್ಡದಾಗಿ ಕಾಣುತ್ತೆ ಅಂತ ಅದಕ್ಕೆ ಮಾತ್ರ ಕೈ ಹಾಕಬೇಡಿ. ಒಂದೇ ಫೈಲನ್ನು ಎರಡೆರಡು ಕಡೆ ಲೆಕ್ಕ ಹಿಡಿಯೋದರಿಂದ ಅದು ಹಾಗೆ ಕಾಣೋದು, ಅಳಿಸಿದರೆ ವಿಂಡೋಸೇ ಕೆಡುತ್ತದೆ.

ಪೆನ್‌ಡ್ರೈವ್ ಕಿತ್ತು ಆನ್ ಮಾಡಿದೆ. ಚುಕ್ಕಿಗಳು ಸುತ್ತಿದವು, ಇನ್ನೂ ಸುತ್ತಿದವು, ಆಮೇಲೆ ಅಕ್ಕನ ಮಗಳ ಫೋಟೊ ಇರೋ ಪರದೆ ಬಂತು.

ಅಕ್ಕ ಹತ್ತು ನಿಮಿಷ ಒಂದೊಂದೇ ಪ್ರಶ್ನೆಪತ್ರಿಕೆ ತೆಗೆದು ನೋಡಿದಳು. ಖುಷಿಯಾದಳು. ಆಮೇಲೆ ಕೇಳಿದಳು: "ಬಿನ್‌ನಲ್ಲಿದ್ದ ವಿಡಿಯೊ ಎಲ್ಲಾ ಹೋಯ್ತೇನೋ? ಅದರಲ್ಲಿ ಒಂದು ಬೇಕಿತ್ತು ಕಣೋ."